ಹೊಹೊಬಾ ಸವಾರಿ

ಅವಳನ್ನು ಊರಿನವರೆಲ್ಲ ಕ್ಲಚ್ಚಕ್ಕ ಎಂದು ಕರೆಯುತ್ತಿದ್ದರು. ಡ್ರೈವಿಂಗ್ ಸ್ಕೂಲು ನಡೆಸುವ ಹೆಂಗಸು ಬೆಳಗಿನಿಂದ ಸಂಜೆಯವರೆಗೆ ‘ಕ್ಲಚ್ಚು, ಕ್ಲಚ್ಚು’ ಎಂದು ಗಂಟಲು ಹರಿದುಕೊಂಡರೆ ಇನ್ನೆಂಥ ಹೆಸರು ಬಂದೀತು. ಮೊದಮೊದಲು ಬೆನ್ನ ಹಿಂದೆ ಕರೆಯುತ್ತಿದ್ದವರು ಆಮೇಲೆ ಎದುರಿಗೇ ಕರೆಯತೊಡಗಿದರು, ಅವಳೂ ಓಗೊಡತೊಡಗಿದಳು. ಸ್ವಂತ ಹೆಸರು ಲೈಸೆನ್ಸಿನ ಮೇಲೆ ಮಾತ್ರ ಉಳಿಯಿತು.

ಸ್ಕೂಲು ಕಟ್ಟಿದವರು ಅವಳ ಮಾವ. ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯಲು ಕಲಿಸಿದವರು ಅವರೇ. ಉಳಿದರ್ಧ ಜನ ಅವರಿಂದ ಬೈಸಿಕೊಂಡು ಬಸ್ಸೇ ವಾಸಿ ಎಂದು ಹೋದವರು. ಸೊಸೆಯಾಗಿ ಬಂದಾಗ ಸೈಕಲ್ಲೂ ಬಾರದಿದ್ದ ಕ್ಲಚ್ಚಕ್ಕನಿಗೆ ಕಾರು ಕಲಿಸಿ, ಲಾರಿ ಕಲಿಸಿ, ಕೊನೆಗೆ ಕಲಿಸುವುದನ್ನೂ ಕಲಿಸಿದ್ದರು. ಅವಳ ಗಂಡ ಸರಕು ಹಡಗಿನಲ್ಲಿ ಎಂಜಿನ್ ನೋಡಿಕೊಳ್ಳುವವನು, ವರ್ಷದ ಬಹುಪಾಲು ನೀರಿನ ಮೇಲೆಯೇ ಇರುತ್ತಿದ್ದ. ಹಾಗಾಗಿ ಮನೆಯಲ್ಲಿ ಮಾವ, ಸೊಸೆ, ಮತ್ತು ಅಂಗಳದಲ್ಲಿ ಎರಡು ಬ್ರೇಕು ಎರಡು ಕ್ಲಚ್ಚು ಇರುವ ಒಂದು ಬಿಳಿ ಕಾರು.

ಎಲ್ಲ ಸರಿಯಾಗಿಯೇ ಇತ್ತು, ಮಾವನ ಕಣ್ಣು ಕೈಕೊಡುವವರೆಗೆ. ನೋಟದ ನಡುವೆ ಯಾರೋ ಬೆರಳು ಒರೆಸಿದ ಹಾಗೆ ಒಂದು ಮಸುಕು ಬಂದು ಕೂತಿತು. ಅಂಚಿನಲ್ಲಿ ಮಾತ್ರ ಕಾಣುತ್ತಿತ್ತು. ಅದನ್ನು ಅವರು ಯಾರಿಗೂ ಹೇಳಲಿಲ್ಲ. ಒಂದು ಮಧ್ಯಾಹ್ನ ಔಷಧಿ ಅಂಗಡಿಯ ಮುಂದೆ ನಿಂತಿದ್ದ ಐಸ್‌ಕ್ರೀಮ್ ಗಾಡಿಗೆ ಕಾರನ್ನು ಮೆಲ್ಲಗೆ ತಾಗಿಸಿದರು. ಯಾರಿಗೂ ಏನೂ ಆಗಲಿಲ್ಲ, ಗಾಡಿಯ ಕೊಡೆ ಮಾತ್ರ ಮುರಿಯಿತು. ಗಾಡಿ ಅಡ್ಡ ಬಂತು ಎಂದು ಮಾವ ವಾದಿಸಿದರು. ಗಾಡಿ ಬೆಳಗಿನಿಂದ ಅಲ್ಲಿಂದ ಕದಲಿಲ್ಲ ಎಂದು ಗಾಡಿಯವನು ತಣ್ಣಗೆ ಹೇಳಿದ. ಅವತ್ತು ಸಂಜೆ ಕ್ಲಚ್ಚಕ್ಕ ಒಂದು ಮಾತೂ ಆಡದೆ ಅವರ ಕೀಲಿಗಳನ್ನು ಗೂಡಿನಿಂದ ತೆಗೆದು ಎಲ್ಲೋ ಬಚ್ಚಿಟ್ಟಳು.

ಮಾವ ಕೇಳಲಿಲ್ಲ, ರೇಗಲಿಲ್ಲ. ಆದರೆ ಮರುದಿನದಿಂದ ಯಾವ ಕಾರಿಗೂ ಹತ್ತಲಿಲ್ಲ. ಮೂಟೆಯ ಹಾಗೆ ಪಕ್ಕದಲ್ಲಿ ಕೂರುವುದಕ್ಕಿಂತ ಕಾಲು ಸವೆಸುವುದೇ ಮೇಲು ಎಂದು ಎಲ್ಲಿಗೆ ಹೋಗಬೇಕಾದರೂ ನಡೆದರು. ಕಣ್ಣಿನ ಡಾಕ್ಟರ ಹತ್ತಿರ ಹೋಗುವಾಗಲೂ ಅವರು ಮುಂದೆ ನಡೆಯುವುದು, ಕ್ಲಚ್ಚಕ್ಕ ಹಿಂದಿನಿಂದ ಮೊದಲ ಗೇರಿನಲ್ಲಿ ಕಾರು ತರುವುದು. ನೋಡಿದವರು ಯಾರದೋ ಮೆರವಣಿಗೆ ಎಂದುಕೊಂಡಿರಬೇಕು.

ಕೆಲಸವಿಲ್ಲದ ಕೈ ಕಡಿಯುತ್ತದೆ ಎನ್ನುತ್ತಾರಲ್ಲ, ಹಾಗಾಗಿತ್ತು ಅವರಿಗೆ. ಆ ಹೊತ್ತಿಗೆ ಅವರ ಹಳೆಯ ಶಿಷ್ಯನೊಬ್ಬ ಬಂದ. ದೂರದ ಮರಳುಗಾಡಿನ ತೋಟಗಳಿಂದ ಎಣ್ಣೆ ಪೀಪಾಯಿ ಸಾಗಿಸುವ ಲಾರಿಯವನು. ಜೇಬಿನಿಂದ ಒಂದು ಹಿಡಿ ಬೀಜ ತೆಗೆದು ಅವರ ಅಂಗೈಗೆ ಸುರಿದ. ಕಂದು ಬಣ್ಣದ, ಕಡಲೆಕಾಯಿ ಬೀಜದಷ್ಟು ದಪ್ಪದ, ಮುಟ್ಟಿದರೆ ಮೇಣದ ಹಾಗೆ ನುಣುಪಾದ ಬೀಜ. ಬರೆಯುವುದು ಜೊಜೊಬಾ, ಓದುವುದು ಹೊಹೊಬಾ ಎಂದು ವಿವರಿಸಿದ. ತಲೆಗೆ, ಮುಖಕ್ಕೆ ಹಚ್ಚುವ ಎಣ್ಣೆ ಇದರದ್ದೇ ಅಂತೆ. ಗಿಡ ಎದೆಯೆತ್ತರದ ಪೊದೆಯಾಗಿ ನೂರು ವರ್ಷ ಬಾಳುತ್ತದಂತೆ. ಮಳೆ ಬಾರದಿದ್ದರೂ ಮುನಿಸಿಕೊಳ್ಳುವುದಿಲ್ಲವಂತೆ.

ಮಾವ ಹೆಸರನ್ನು ಬಾಯಲ್ಲಿ ಹೊರಳಿಸಿ ನೋಡಿದರು. “ಎರಡು ಸಲ ಹೋಗು ಅಂದು ಒಂದು ಸಲ ಬಾ ಅನ್ನೋ ಗಿಡ,” ಎಂದರು. “ನಮ್ಮ ಮನೆಗೆ ಹೊಂದಿಕೊಳ್ಳುತ್ತೆ.”

ಮನೆಗಲ್ಲ, ಅದು ಹೋಗಿದ್ದು ಬಯಲಿಗೆ. ಊರಂಚಿನಲ್ಲಿ ರೈಲು ಹಳಿಯ ಈಚೆ ಅವರ ಸ್ಕೂಲಿನ ಅಭ್ಯಾಸದ ಮೈದಾನವಿತ್ತು. ಗರಸು ಮಣ್ಣು, ಸುಡುವ ಬಿಸಿಲು, ಹುಲ್ಲೂ ಹುಟ್ಟಲು ಹಿಂಜರಿಯುವ ಜಾಗ. ಅದರ ನಡುವೆ ಹಾವಿನ ಹಾಗೆ ಬಳುಕುವ ಒಂದು ದಾರಿ ಗುರುತು ಮಾಡಿ, ಬಳುಕಿನುದ್ದಕ್ಕೂ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿದ್ದರು. ಕಲಿಯುವವರು ಡ್ರಮ್ಮಿಗೆ ಗುದ್ದಿ ಗುದ್ದಿ ಅವೆಲ್ಲ ಹಳೆಯ ಪಾತ್ರೆಗಳಂತೆ ನಗ್ಗಿದ್ದವು. ಆ ಡ್ರಮ್ಮುಗಳ ಜಾಗದಲ್ಲಿ ಗಿಡ ನೆಡುತ್ತೇನೆಂದು ಮಾವ ಘೋಷಿಸಿದಾಗ ಕ್ಲಚ್ಚಕ್ಕ ತಲೆ ಚಚ್ಚಿಕೊಂಡಳು. ಕಾರು ಹತ್ತಿಸಿಬಿಡುತ್ತಾರೆ ಎಂದಳು. ಅವರ ವಾದ ಬೇರೆಯೇ ಇತ್ತು: ಡ್ರಮ್ಮಿಗೆ ಗುದ್ದಿದರೆ ಸದ್ದು ಬರುತ್ತದೆ, ಗಿಡಕ್ಕೆ ಗುದ್ದಿದರೆ ಪಾಪ ಬರುತ್ತದೆ, ಸದ್ದಿಗೆ ಹೆದರದವರು ಪಾಪಕ್ಕೆ ಹೆದರುತ್ತಾರೆ.

ಬೀಜಗಳನ್ನು ರಾತ್ರಿಯಿಡೀ ನೆನೆಹಾಕಿ, ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ನೇರ ನೆಲದಲ್ಲೇ ಊರಿದರು. ಕುಂಡದಲ್ಲಿ ಎಬ್ಬಿಸಿ ಆಮೇಲೆ ಕಿತ್ತು ನೆಡಲು ಹೋಗಬೇಡಿ, ಬೇರಿಗೆ ಆಗುವುದಿಲ್ಲ ಎಂದು ಲಾರಿ ಶಿಷ್ಯ ಎಚ್ಚರಿಸಿದ್ದ. ಮೊಳಕೆಗಳು ಬಂದವು, ಎರಡೆರಡು ಎಲೆ ಬಿಟ್ಟವು, ಆಮೇಲೆ ಗರ ಬಡಿದಂತೆ ನಿಂತುಬಿಟ್ಟವು. ತಿಂಗಳುಗಟ್ಟಲೆ ಅಷ್ಟೇ. ಮಾವನಿಗೆ ದಿಗಿಲಾಯಿತು. ಬಾಯಾರಿರಬೇಕೆಂದು ಬೆಳಿಗ್ಗೆ ಸಂಜೆ ಕೊಡಗಟ್ಟಲೆ ಸುರಿದರು. ಸುರಿದಲ್ಲೆಲ್ಲ ಸಸಿಗಳು ಹಳದಿಯಾಗಿ, ಬುಡ ಕೊಳೆತು, ಮಲಗಿಬಿಟ್ಟವು. ಫೋನಿನಲ್ಲಿ ಶಿಷ್ಯ ನಕ್ಕನಂತೆ. ಅದು ಕೆಳಗೆ ಬೆಳೆಯುತ್ತಿದೆ ಮೇಷ್ಟ್ರೇ, ಮೊದಲು ಬೇರು ಪಾತಾಳ ಮುಟ್ಟಬೇಕು, ಆಮೇಲೆ ತಲೆ ಎತ್ತುತ್ತದೆ. ನೀವು ಸುಮ್ಮನಿರಿ ಎಂದನಂತೆ.

ಸುಮ್ಮನಿರುವುದು ಮಾವನ ಜಾತಕದಲ್ಲೇ ಇರಲಿಲ್ಲ. ಆದರೂ ಕಲಿತರು. ನೀರು ಕೊಟ್ಟರೆ ಒಮ್ಮೆ ಆಳವಾಗಿ ಇಳಿಯುವಂತೆ ಕೊಟ್ಟು, ಆಮೇಲೆ ಮಣ್ಣು ಒಣಗಿ ಬಿರುಕು ಬಿಡುವವರೆಗೆ ತಿರುಗಿ ನೋಡುತ್ತಿರಲಿಲ್ಲ. ಚಳಿಗಾಲದಲ್ಲಿ ಹನಿಯೂ ಇಲ್ಲ. ಗೊಬ್ಬರದ ಹೆಸರೆತ್ತಲಿಲ್ಲ. ಬುಡದ ಸುತ್ತ ಜಲ್ಲಿ ಹರಡಿ, ನೆಲಕ್ಕೆ ತಾಗುವ ಕೊಂಬೆಗಳನ್ನು ಮಾತ್ರ ಕತ್ತರಿಸಿ, ಉಳಿದದ್ದನ್ನು ಅದರ ಪಾಡಿಗೆ ಬಿಟ್ಟರು. ಕಣ್ಣಿಗೆ ಕಾಣದ್ದನ್ನು ಬೆರಳಿನಿಂದ ನೋಡಿದರು. ಎಲೆಗಳು ಚರ್ಮದಂತೆ ದಪ್ಪ, ಬೂದು ಹಸಿರು, ಕೈ ಮುಗಿದ ಹಾಗೆ ನೆಟ್ಟಗೆ ನಿಂತಿರುತ್ತಿದ್ದವು. ನಡುಹಗಲಿನ ಸೂರ್ಯನಿಗೆ ಮುಖ ಕೊಡದೆ ಅಂಚು ಮಾತ್ರ ತೋರಿಸುವ ಜಾಣ ಎಲೆಗಳು. ಕೆಲವನ್ನು ಮೇಕೆ ತಿಂದಿತು. ಒಂದರ ಮೇಲೆ ಕಲಿಯಲು ಬಂದ ಕ್ಯಾಷಿಯರ್ ಕಾರು ಹತ್ತಿಸಿ, ಇಳಿದು, ಗಿಡದ ಹತ್ತಿರ ಕ್ಷಮೆ ಕೇಳಿದ. ಕೊನೆಗೆ ಉಳಿದದ್ದು ಮೂರು. ಆ ಮೂರು ಮಾತ್ರ ವರ್ಷಗಳು ಕಳೆದಂತೆ ಕಾರಿನ ಬಾನೆಟ್ಟಿನೆತ್ತರ ಬೆಳೆದು ಗುಂಡಗೆ ಹರಡಿಕೊಂಡವು. ಹೇಳಿದಂತೆಯೇ ಜನ ಅವುಗಳ ಹತ್ತಿರ ಬಂದಾಗ ತಾವಾಗಿಯೇ ನಿಧಾನವಾಗುತ್ತಿದ್ದರು. ಕ್ಲಚ್ಚಕ್ಕ ಇದನ್ನು ಗಮನಿಸಿದಳು, ಆದರೆ ಮಾವನಿಗೆ ಹೇಳಿ ಅವರನ್ನು ಅಟ್ಟಕ್ಕೇರಿಸಲು ಹೋಗಲಿಲ್ಲ.

ಒಂದು ಚಳಿಗಾಲ ಮುಗಿಯುವ ಹೊತ್ತಿಗೆ ಮೂರೂ ಗಿಡಗಳು ಹೂ ಬಿಟ್ಟವು. ಹಳದಿ ಹಳದಿ ಗೊಂಚಲು. ಮಾವ ಬೀಜಕ್ಕಾಗಿ ಕಾದರು. ಹೂ ಉದುರಿತು, ಬೀಜವಿಲ್ಲ. ಮುಂದಿನ ವರ್ಷವೂ ಅದೇ ಕಥೆ. ಲಾರಿ ಶಿಷ್ಯ ಆ ಕಡೆ ಬಂದಾಗ ಒಂದು ಗೊಂಚಲನ್ನು ಅವನ ಮುಖಕ್ಕೆ ಹಿಡಿದು ಲೆಕ್ಕ ಕೇಳಿದರು. ಅವನು ಮೂರೂ ಗಿಡಗಳನ್ನು ಸುತ್ತಿ ಬಂದು, ಹಲ್ಲು ಕಚ್ಚಿ ನಗು ತಡೆದು ಹೇಳಿದ:

“ಮೇಷ್ಟ್ರೇ, ಮೂರೂ ಗಂಡು.”

ಈ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಹೂ ಬಿಡುವವರೆಗೆ ಯಾವುದು ಯಾವುದೆಂದು ಹೇಳಲು ಬರುವುದಿಲ್ಲ. ಗಂಡಿನದು ಹಳದಿ ಗೊಂಚಲು. ಹೆಣ್ಣಿನದು ತಿಳಿಹಸಿರು, ಒಂಟಿ, ತಲೆ ತಗ್ಗಿಸಿದ ಹೂ. ಹೂವೆಂದು ಗೊತ್ತೇ ಆಗದ ಹೂ. ಜೇನಿಲ್ಲ, ಪರಿಮಳವಿಲ್ಲ, ಚಿಟ್ಟೆ ದುಂಬಿಗಳ ಹಂಗಿಲ್ಲ. ಗಾಳಿ ಹೊತ್ತು ತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಷ್ಟು ದಿನ ಸಾಕಿ ಸಲಹಿದ್ದು ಮೂರು ಬ್ರಹ್ಮಚಾರಿಗಳನ್ನು ಎಂದು ತಿಳಿದ ಮಾವ ಆ ಸಂಜೆ ಊಟಕ್ಕೆ ಕೂತು ಅನ್ನ ಕಲಸುತ್ತಲೇ ಇದ್ದರು. ಕ್ಲಚ್ಚಕ್ಕ ಸಪ್ಪಗಿದ್ದ ಅವರ ಮುಖ ನೋಡಿ ನಗು ನುಂಗಿಕೊಂಡಳು.

ಆ ವರ್ಷ ಕಲಿಯಲು ಬಂದವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ಐವತ್ತು ದಾಟಿದ ಹೆಂಗಸು; ಎಂಥ ದವಡೆ ಹಲ್ಲನ್ನೂ ಕೈ ನಡುಗದೆ ಕೀಳುವವರು ಸ್ಟೇರಿಂಗ್ ಮುಟ್ಟಿದೊಡನೆ ಬಾಳೆ ಎಲೆಯ ಹಾಗೆ ಅದುರುತ್ತಿದ್ದರು. ಅಷ್ಟು ದಿನ ಅವರ ತಮ್ಮ ಅವರನ್ನು ಕಾರಿನಲ್ಲಿ ಕರೆದೊಯ್ಯುತ್ತಿದ್ದ. ಅವನು ದಾರಿಯುದ್ದಕ್ಕೂ ಉಪದೇಶ ಮಾಡುತ್ತಾನಂತೆ. ದಿನವಿಡೀ ಬಾಯಿ ತೆರೆದು ಕೂತವರಿಗೆ ನಾನು ಮಾತಾಡುತ್ತೇನೆ, ಸಂಜೆ ಬಾಯಿ ಮುಚ್ಚಿ ಕೂತು ಅವನ ಮಾತು ಕೇಳುತ್ತೇನೆ, ಸಾಕಾಗಿದೆ ಎಂದು ಮೊದಲ ದಿನವೇ ಹೇಳಿಕೊಂಡಿದ್ದರು. ಆಸೆಯೇನೋ ದೊಡ್ಡದಿತ್ತು, ಕ್ಲಚ್ಚು ಮಾತ್ರ ಒಲಿಯುತ್ತಿರಲಿಲ್ಲ. ಕಾಲು ಎತ್ತಿದರೆ ಕಾರು ಕಪ್ಪೆಯಂತೆ ಹಾರಿ ಸತ್ತು ಬೀಳುತ್ತಿತ್ತು. ಎಷ್ಟು ವಾರ ಕಳೆದರೂ ಮೈದಾನದ ಗೇಟು ದಾಟಿ ರಸ್ತೆಗೆ ಇಳಿಯಲು ಒಪ್ಪಿರಲಿಲ್ಲ.

ಒಂದು ದಿನ ಕಾರು ಹೊಹೊಬಾ ಗಿಡದ ಪಕ್ಕದಲ್ಲೇ ಆರಿಹೋಯಿತು. ಡಾಕ್ಟರು ಬೆವರು ಒರೆಸಿಕೊಳ್ಳುತ್ತ ಕಿಟಕಿಯಾಚೆ ನೋಡಿ, ಈ ಗಿಡ ನಮ್ಮ ಕ್ಲಿನಿಕ್ಕಿನ ಹಿತ್ತಲಲ್ಲೂ ಇದೆಯಲ್ಲ ಎಂದರು. ಹಿಂದೆ ಆ ಮನೆಯಲ್ಲಿದ್ದವರು ಯಾರೋ ನೆಟ್ಟದ್ದು. ತಾವು ಒಂದು ಲೋಟ ನೀರು ಹಾಕಿದ್ದೂ ಇಲ್ಲ, ಅದು ಸತ್ತದ್ದೂ ಇಲ್ಲ. ಹೂ ಬಿಡುತ್ತದಾ ಎಂದು ಕ್ಲಚ್ಚಕ್ಕ ಕೇಳಿದಳು. ಹೂ ಇಲ್ಲ, ಹಸಿರು ಮೊಗ್ಗು ಬರುತ್ತೆ, ಸೋಮಾರಿ ಮೊಗ್ಗು, ಅರಳೋದೇ ಇಲ್ಲ ಎಂದರು ಡಾಕ್ಟರು.

ಮೈದಾನದ ಆ ತುದಿಯಲ್ಲಿ ಜಲ್ಲಿ ಹರಡುತ್ತಿದ್ದ ಮಾವನಿಗೆ ಕಣ್ಣು ಮಂದವಾಗಿತ್ತೇ ಹೊರತು ಕಿವಿಯಲ್ಲ. ಕೈಯಲ್ಲಿದ್ದ ಬುಟ್ಟಿ ಅಲ್ಲೇ ಬಿಟ್ಟು ಬಂದರು.

ಮರುದಿನ ಡಾಕ್ಟರು ಇಕ್ಕಳ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಒಂದು ರೆಂಬೆ ತಂದರು. ಮಾವ ಅದನ್ನು ನೋಟದ ಅಂಚಿಗೆ ಹಿಡಿದು, ಭೂತಗನ್ನಡಿ ಇಟ್ಟು, ಬೆರಳ ತುದಿಯಿಂದ ಸವರಿ ನೋಡಿದರು. ಒಂದು ಗೆಣ್ಣು ಬಿಟ್ಟು ಒಂದು ಗೆಣ್ಣಿಗೆ ತಿಳಿಹಸಿರಿನ ಒಂಟಿ ಹೂ, ತಲೆ ತಗ್ಗಿಸಿ ನಿಂತಿತ್ತು. ಅವರ ಮುಖ ಅರಳಿದ್ದನ್ನು ಕ್ಲಚ್ಚಕ್ಕ ಬಹಳ ಕಾಲದ ಮೇಲೆ ಕಂಡಳು.

ಇನ್ನು ತೊಡಕಿದ್ದದ್ದು ದೂರದ್ದು. ಕ್ಲಿನಿಕ್ಕು ಊರಿನ ಆ ತುದಿ, ನಡುವೆ ರೈಲ್ವೆ ಗೇಟು, ಮಾರುಕಟ್ಟೆ, ಸಾಲು ಸಾಲು ಕಟ್ಟಡ. ಯಾವ ಗಾಳಿಯೂ ಅಷ್ಟು ದೂರ ಪರಾಗ ಹೊತ್ತು ಹೋಗದು. ಹೆಣ್ಣು ಗಿಡವನ್ನು ಕಿತ್ತು ತರುವಂತಿಲ್ಲ. ಅದರ ಬೇರು ಬಾವಿಗಿಂತ ಆಳ. ಗಂಡಿನ ಕಡೆಯವರೇ ಹೊರಡಬೇಕು ಎಂದು ತೀರ್ಮಾನವಾಯಿತು. ಹೂ ತುಂಬಿದ ಉದ್ದನೆಯ ಕೊಂಬೆಗಳನ್ನು ಕತ್ತರಿಸಿ, ನೀರಿನ ಬಾಟಲಿಯಲ್ಲಿಟ್ಟು, ಹೆಣ್ಣು ಗಿಡದ ಪಕ್ಕ ತೂಗುಹಾಕುವುದು ಎಂದು ಲಾರಿ ಶಿಷ್ಯ ಫೋನಿನಲ್ಲಿ ದಾರಿ ತೋರಿಸಿದ. ಒಂದೇ ಎಚ್ಚರಿಕೆ: ದಾರಿಯಲ್ಲಿ ಕೊಂಬೆ ಅಲುಗಬಾರದು. ಒಂದು ಕುಲುಕಿಗೆ ಪರಾಗವೆಲ್ಲ ಸೀಟಿನ ಮೇಲೆ, ಕೊಂಡುಹೋದದ್ದು ಬರೀ ಕಡ್ಡಿ.

ತಾನೇ ಓಡಿಸುತ್ತೇನೆ, ನೀರು ತುಂಬಿದ ತಟ್ಟೆ ಇಟ್ಟರೂ ತುಳುಕದ ಹಾಗೆ ಒಯ್ಯುತ್ತೇನೆ ಎಂದಳು ಕ್ಲಚ್ಚಕ್ಕ. ಮಾವ ತಲೆಯಾಡಿಸಿದರು.

“ಡಾಕ್ಟರು ಓಡಿಸ್ಲಿ.”

ಕ್ಲಚ್ಚಕ್ಕ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅವರ ಮುಖ ನೋಡಿದಳು. ಡಾಕ್ಟರಂತೂ ಎರಡು ಹೆಜ್ಜೆ ಹಿಂದೆ ಸರಿದು, ಇಡೀ ಊರಿನಲ್ಲಿ ಇದಕ್ಕೆ ತನ್ನಷ್ಟು ನಾಲಾಯಕ್ಕು ಇನ್ನೊಬ್ಬರಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದರು. ಮಾವ ಬಿಡಲಿಲ್ಲ. ಇವರ ಕಾರು ಆರಿಹೋಗುವುದು ಬಯಲಿನಲ್ಲಿ, ನೇರ ದಾರಿಯಲ್ಲಿ. ಗಿಡವನ್ನು ಬಳಸಿ ಹೋಗುವಾಗ ಒಂದೇ ಒಂದು ಸಲ ಬಿಟ್ಟರೆ ಎಂದೂ ಆರಿಲ್ಲ, ನಾನು ದಿನಾ ಕೇಳಿಸಿಕೊಳ್ಳುತ್ತಿದ್ದೇನೆ ಎಂದರು. “ತಮ್ಮ ಬಗ್ಗೆ ತಾವೇ ಯೋಚನೆ ಮಾಡಿದ್ರೆ ಇವರಿಗೆ ಕೈ ನಡುಗುತ್ತೆ. ಇನ್ನೊಂದರ ಬಗ್ಗೆ ಯೋಚನೆ ಮಾಡೋಕೆ ಕೊಡು, ನಡುಗಲ್ಲ. ಹಲ್ಲು ಕೀಳುವಾಗ ನಡುಗುತ್ತಾ?”

ಡಾಕ್ಟರು ತಮ್ಮ ಕೈಗಳನ್ನು ಒಮ್ಮೆ ತಿರುಗಿಸಿ ನೋಡಿಕೊಂಡರು. ಕ್ಲಚ್ಚಕ್ಕನಿಗೆ ಇನ್ನೊಂದು ವಿಷಯ ತಲೆಯಲ್ಲಿ ಕೊರೆಯುತ್ತಿತ್ತು. ಕೊಂಬೆಗಳನ್ನು ಹಿಡಿದುಕೊಳ್ಳುವವರು ಯಾರು? ಕೇಳಿಯೂಬಿಟ್ಟಳು. ನಾನೇ, ಮತ್ಯಾರು ಎಂದು ಮಾವ ಅದೊಂದು ದೊಡ್ಡ ಮಾತೇ ಅಲ್ಲವೆನ್ನುವಂತೆ ಹೇಳಿ, ಕತ್ತರಿ ಹುಡುಕಲು ಹೋದರು. ವರ್ಷಗಳಿಂದ ಕಾರಿನ ಬಾಗಿಲು ಮುಟ್ಟದ ಮನುಷ್ಯ.

ಹೊರಟದ್ದು ಮರುದಿನ ಬೆಳಿಗ್ಗೆ, ಇಬ್ಬನಿ ಆರಿದ ಮೇಲೆ. ಹಿಂದಿನ ಸೀಟಿನ ನಡುವೆ ಮಾವ. ಎರಡೂ ಕೈಗಳಲ್ಲಿ, ಮಡಿಲಲ್ಲಿ, ಮೊಣಕಾಲುಗಳ ನಡುವೆ ಹಳದಿ ಹೂವಿನ ಕೊಂಬೆಗಳು. ಹೊರಗಿನಿಂದ ನೋಡಿದರೆ ಒಂದು ಪೊದೆಗೆ ಕನ್ನಡಕ ಹಾಕಿ ಕೂರಿಸಿದಂತಿತ್ತು. ಗಾಳಿ ನುಗ್ಗಬಾರದೆಂದು ಕಿಟಕಿಗಳೆಲ್ಲ ಬಂದ್. ಫ್ಯಾನು ಬಂದ್. ಕಾರು ಒಲೆಯ ಹಾಗೆ ಕಾಯುತ್ತಿತ್ತು. ಕ್ಲಚ್ಚಕ್ಕ ಪಕ್ಕದ ಸೀಟಿನಲ್ಲಿ ಎರಡನೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಬೇಕೆಂದೇ ತುಟಿ ಬಿಗಿದು ಕೂತಳು. ಇವತ್ತು ನೀನು ‘ಕ್ಲಚ್ಚು’ ಅನ್ನಕೂಡದು ಎಂದು ಮಾವ ಮೊದಲೇ ಷರತ್ತು ಹಾಕಿದ್ದರು.

ಗೇಟು ದಾಟಿದ್ದೇ ಡಾಕ್ಟರಿಗೆ ಗೊತ್ತಾಗಲಿಲ್ಲ. ಅವರ ಗಮನವೆಲ್ಲ ಕನ್ನಡಿಯಲ್ಲಿ ಕಾಣುವ ಹಳದಿಯ ಮೇಲಿತ್ತು. ಗುಂಡಿ ಬಂದಲ್ಲಿ ತಾವಾಗಿಯೇ ಬಳಸಿದರು, ಉಬ್ಬು ಬಂದಲ್ಲಿ ಬೆಣ್ಣೆಯ ಮೇಲೆ ಚಾಕು ಇಳಿಸಿದಂತೆ ಇಳಿಸಿದರು. ಹಿಂದೆ ಒಬ್ಬ ಮೋಟಾರ್ ಸೈಕಲ್ಲಿನವನು ಹಾರ್ನ್ ಬಾರಿಸಿ ಬಾರಿಸಿ ಸುಸ್ತಾಗಿ, ಪಕ್ಕಕ್ಕೆ ಬಂದು ಬೈಯಲು ಬಾಯಿ ತೆರೆದವನು, ಹಿಂದಿನ ಸೀಟನ್ನು ಕಂಡು ಬಾಯಿ ಮುಚ್ಚಿಕೊಂಡು ಹೋದ.

ಎಡವಟ್ಟಾದದ್ದು ರೈಲ್ವೆ ಗೇಟಿನ ಬಳಿ. ಅಲ್ಲಿ ರಸ್ತೆ ಹಳಿಯ ಕಡೆಗೆ ಏರುತ್ತದೆ. ಇವರು ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಗೇಟು ಬಿತ್ತು. ಗೂಡ್ಸ್ ರೈಲು, ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ಹಿಂದೆ ಒಂದು ಟ್ಯಾಂಕರ್ ಬಂದು ಮೂಗು ತಾಗಿಸುವಷ್ಟು ಹತ್ತಿರ ನಿಂತಿತು. ಗೇಟು ಎದ್ದಾಗ ಡಾಕ್ಟರು ಕಾಲು ಎತ್ತಿದರು. ಕಾರು ಒಮ್ಮೆ ಬಿಕ್ಕಳಿಸಿ ಆರಿಹೋಯಿತು. ಹಿಂದಿನ ಸೀಟಿನಲ್ಲಿ ಒಂದು ಸಣ್ಣ ಹಳದಿ ಮೋಡ ಎದ್ದಿತು. ಮಾವ ಸೀನು ತಡೆದುಕೊಂಡರು.

ಮತ್ತೆ ಶುರು, ಮತ್ತೆ ಬಿಕ್ಕಳಿಕೆ. ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಟ್ಯಾಂಕರಿನವನು ಹಾರ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ಡಾಕ್ಟರ ಕೈ ನಡುಗತೊಡಗಿತು. ನಾನು ಇಳಿದುಬಿಡುತ್ತೇನೆ ಎಂದು ಬಾಗಿಲಿನ ಹಿಡಿಗೆ ಕೈ ಹಾಕಿದರು. ಕ್ಲಚ್ಚಕ್ಕ ಎರಡನೆಯ ಬ್ರೇಕು ಒತ್ತಿ ಹಿಡಿದು, ಹ್ಯಾಂಡ್ ಬ್ರೇಕ್ ಎಳೆದು, ತಾನೇ ಆ ಕಡೆಗೆ ಹೋಗಲೆಂದು ಬೆಲ್ಟು ಬಿಚ್ಚಿದಳು.

ಆಗ ಹಿಂದಿನಿಂದ ಮಾವನ ದನಿ ಬಂತು. ಮೈದಾನದಲ್ಲಿ ಗುಡುಗುತ್ತಿದ್ದ ಆ ಹಳೆಯ ದನಿಯಲ್ಲ. ಮಗುವನ್ನು ತಟ್ಟಿ ಮಲಗಿಸುವಂಥ ದನಿ.

“ಡಾಕ್ಟ್ರೇ, ರಸ್ತೆ ನೋಡಬೇಡಿ, ಅದು ಎಲ್ಲೂ ಹೋಗಲ್ಲ. ಹಾರ್ನ್ ಅವನದು, ಎಂಜಿನ್ ನಿಮ್ಮದು. ನಿಮ್ಮದನ್ನ ಕೇಳಿ. ಸ್ಟಾರ್ಟ್ ಮಾಡಿ. ಈಗ ಕಾಲು ಮೆಲ್ಲಗೆ ಮೇಲೆ ತನ್ನಿ. ಸ್ವರ ಒಂಚೂರು ಕೆಳಗೆ ಇಳಿಯುತ್ತೆ, ಭಾರ ಹೊತ್ತವರು ಹೂಂ ಅನ್ನೋ ಹಾಗೆ. ಇಳೀತಾ?”

“ಹೂಂ,” ಎಂದರು ಡಾಕ್ಟರು.

“ಅಲ್ಲೇ ಇರಿ. ಕಾರು ಈಗ ನಿಮ್ಮ ಕೈ ಹಿಡಿದಿದೆ. ಹ್ಯಾಂಡ್ ಬ್ರೇಕ್ ಬಿಡಿ. ಬೀಳಲ್ಲ.”

ಕ್ಲಚ್ಚಕ್ಕ ಬಿಚ್ಚಿದ ಬೆಲ್ಟನ್ನು ಕೈಯಲ್ಲಿ ಹಿಡಿದೇ, ತನ್ನ ಕಾಲನ್ನು ಬ್ರೇಕಿನಿಂದ ನಿಧಾನವಾಗಿ ತೆಗೆದಳು. ಕಾರು ಬೀಳಲಿಲ್ಲ. ಒಂದು ಕ್ಷಣ ಏರಿನ ಮೇಲೆ ಸುಮ್ಮನೆ ನಿಂತಿತು, ಆಮೇಲೆ ಯಾರೋ ಹಿಂದಿನಿಂದ ಅಂಗೈಯಿಟ್ಟು ದೂಡಿದ ಹಾಗೆ ಮೇಲಕ್ಕೆ ಹೊರಟಿತು. ಹಳಿ ದಾಟಿತು. ಒಂದು ಹೂವೂ ಅಲುಗಲಿಲ್ಲ. ಇದೇ ಮಾತನ್ನು ತನಗೂ ಇದೇ ಏರಿನಲ್ಲಿ, ಸೊಸೆಯಾಗಿ ಬಂದ ಹೊಸತರಲ್ಲಿ ಮಾವ ಹೇಳಿಕೊಟ್ಟಿದ್ದರೆಂಬುದು ಕ್ಲಚ್ಚಕ್ಕನಿಗೆ ಆಗ ನೆನಪಾಯಿತು. ಅವರಿಗೆ ಆಗ ಕಣ್ಣು ಚೆನ್ನಾಗಿತ್ತು; ಆದರೂ ಕಲಿಸಿದ್ದು ಕಿವಿಯಿಂದಲೇ. ಅವಳು ಮುಖ ಕಿಟಕಿಯ ಕಡೆ ತಿರುಗಿಸಿ, ಬೆವರು ಒರೆಸುವ ನೆಪದಲ್ಲಿ ಕಣ್ಣು ಒರೆಸಿಕೊಂಡಳು.

ಕ್ಲಿನಿಕ್ಕಿನ ಹಿತ್ತಲೆಂದರೆ ಒಂದು ನೀರಿನ ಟ್ಯಾಂಕು, ಬಟ್ಟೆ ಒಣಹಾಕುವ ತಂತಿ, ಗೋಡೆಗೊರಗಿದ ಹಳೆಯ ಕುರ್ಚಿ, ಮತ್ತು ಆ ಪೊದೆ. ಇವರ ಮೂರು ಗಿಡಗಳಿಗಿಂತ ಎತ್ತರ, ಅಗಲ, ಗಂಭೀರ. ಮಾವ ಅದರ ಸುತ್ತ ಎರಡು ಸುತ್ತು ಬಂದು, ಎಲೆ ಸವರಿ, ಬಾಟಲಿಗಳಲ್ಲಿಟ್ಟ ಕೊಂಬೆಗಳನ್ನು ತಂತಿಗೆ ತೂಗುಹಾಕಿಸಿದರು. ಆಮೇಲೆ ಎಲ್ಲರೂ ಗಾಳಿಗಾಗಿ ಕಾದರು. ಗಾಳಿ ಬರಲಿಲ್ಲ. ದಿನವಿಡೀ ಧೂಳೆಬ್ಬಿಸುವ ಊರಿನಲ್ಲಿ ಅವತ್ತು ಒಂದು ಎಲೆಯೂ ಮಿಸುಕಲಿಲ್ಲ. ಒಳಗೆ ಕಾಯುತ್ತಿದ್ದ ರೋಗಿಗಳು ಒಬ್ಬೊಬ್ಬರೇ ಕಿಟಕಿಗೆ ಬಂದು ನಿಂತರು. ಕ್ಲಚ್ಚಕ್ಕ ಒಂದು ಎಕ್ಸ್‌ರೇ ಹಾಳೆಯನ್ನು ಬೀಸಣಿಗೆಯ ಹಾಗೆ ಬೀಸಿದಳು. ಪರಾಗ ಗಿಡದ ಬದಲು ಅವಳ ಮುಖಕ್ಕೇ ಬಂತು. ಕೆನ್ನೆ ಊದಿದವನೊಬ್ಬ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಏನೋ ಸಲಹೆ ಕೊಟ್ಟ. ಅದು ಯಾರಿಗೂ ಅರ್ಥವಾಗಲಿಲ್ಲ, ಆದರೆ ಅವನ ಬೆರಳು ಡಾಕ್ಟರ ಮೇಜಿನ ಕಡೆಗಿತ್ತು. ಡಾಕ್ಟರು ಹೋಗಿ ಹಲ್ಲಿನ ಕುಳಿಗೆ ಗಾಳಿ ಊದಿ ಒಣಗಿಸುವ ಪುಟ್ಟ ರಬ್ಬರ್ ಬುರುಡೆ ತಂದರು. ಹಳದಿ ಪುಡಿಯನ್ನು ಕಾಗದದ ಮೇಲೆ ಉದುರಿಸಿ, ಬುರುಡೆಯಿಂದ ಎಳೆದು, ಒಂದೊಂದೇ ಹಸಿರು ಹೂವಿನ ಕೆಳಗೆ ಬಗ್ಗಿ, ಫುಸ್ ಎಂದು ಊದಿದರು. ಸ್ವಲ್ಪ ತಲೆ ಎತ್ತಿ, ನೋವಾಗಲ್ಲ ಎಂದು ಅಭ್ಯಾಸಬಲದಿಂದ ಗಿಡಕ್ಕೂ ಹೇಳುತ್ತಿದ್ದರು. ಅವರ ಕೈ ಒಂದು ಕೂದಲಿನಷ್ಟೂ ನಡುಗಲಿಲ್ಲ.

ಹಿಂದಿರುಗುವಾಗ ಕ್ಲಚ್ಚಕ್ಕ ಓಡಿಸಿದಳು. ಮಾವ ನಡೆದು ಹೋಗುತ್ತೇನೆನ್ನಲಿಲ್ಲ, ಹಿಂದಿನ ಸೀಟಿನಲ್ಲೇ ಕಿಟಕಿ ಇಳಿಸಿಕೊಂಡು ಕೂತರು. ಬಟ್ಟೆ, ಹುಬ್ಬು ಎಲ್ಲ ಹಳದಿ. ಸ್ವಲ್ಪ ದೂರ ಬಂದ ಮೇಲೆ, ಕೀಲಿ ಹೊಲಿಗೆ ಮೆಷಿನ್ನಿನ ಕೆಳಗಿನ ಡ್ರಾಯರಿನಲ್ಲಿ ಇನ್ನೂ ಇದೆಯಾ ಎಂದು ಕೇಳಿದರು.

ಕ್ಲಚ್ಚಕ್ಕನ ಕಾಲು ತಾನಾಗಿಯೇ ಸಡಿಲವಾಯಿತು. “ನಿಮಗೆ ಗೊತ್ತಿತ್ತಾ?”

“ಮೊದಲನೇ ದಿನವೇ. ಬಟ್ಟೆ ಹೊಲಿಯೋಕೆ ಬಾರದವಳು ಮೆಷಿನ್ ಹತ್ರ ಯಾಕೆ ಹೋದಳು ಅಂತ.”

“ಮತ್ತೆ ತಗೊಳ್ಳಲಿಲ್ಲ ಯಾಕೆ?”

ಮಾವ ಅಂಗಿಯ ತೋಳಿನ ಹಳದಿ ಕೊಡವಿದರು. “ನೀನು ಅಷ್ಟು ಕಷ್ಟಪಟ್ಟು ಬಚ್ಚಿಟ್ಟಿದ್ದೆ,” ಎಂದರು. ಆಮೇಲೆ, “ಹೇಳಿಯೇ ತಗೋಬಹುದಿತ್ತು ನೀನು. ಕೊಡ್ತಿದ್ದೆ.”

ತನಗೆ ಹೇಳಲು ಧೈರ್ಯವಿರಲಿಲ್ಲವೆಂದು ಅವಳು ಒಪ್ಪಿಕೊಂಡಳು. ತನಗೂ ಕಣ್ಣಿನ ವಿಷಯ ಹೇಳಲು ಧೈರ್ಯವಿರಲಿಲ್ಲವೆಂದು ಅವರು ಒಪ್ಪಿಕೊಂಡರು. ಮನೆ ಬಂತು. ಅಷ್ಟಕ್ಕೇ ಮಾತು ಮುಗಿಯಿತು, ಆದರೆ ಆ ರಾತ್ರಿ ಊಟದಲ್ಲಿ ಇಬ್ಬರೂ ಎಷ್ಟೋ ದಿನದ ಹಸಿವಿನವರ ಹಾಗೆ ಉಂಡರು.

ಹೆಣ್ಣು ಗಿಡ ಕಾಯಿ ಕಟ್ಟಿತು. ಹಸಿರು ಟೋಪಿ ಹಾಕಿಕೊಂಡ ಗುಂಡು ಗುಂಡು ಕಾಯಿ, ರೆಂಬೆ ತುಂಬ. ಡಾಕ್ಟರು ರೋಗಿಗಳನ್ನೆಲ್ಲ ಹಿತ್ತಲಿಗೆ ಕರೆದು ತೋರಿಸಿದರು. ಪರೀಕ್ಷೆಯಲ್ಲಿ ಮೊದಲ ಸಲ ನಪಾಸಾದರು, ಪಾರ್ಕಿಂಗ್ ಮಾಡುವಾಗ ಅಧಿಕಾರಿಯ ಸ್ಕೂಟರಿಗೆ ಮುತ್ತಿಟ್ಟರು. ಎರಡನೆಯ ಸಲ ಪಾಸಾದರು. ಆದರೆ ಕಾಯಿ ಮಾಗಲು ಇನ್ನೇನು ಕೆಲವು ವಾರ ಇದೆ ಎನ್ನುವಾಗ ಅವರ ತಮ್ಮನಿಗೆ ಅಕ್ಕನಿಗೊಂದು ಉಪಕಾರ ಮಾಡುವ ಮನಸ್ಸಾಯಿತು. ಲೈಸೆನ್ಸ್ ಬಂದ ಖುಷಿಗೆ ಹಿತ್ತಲು ಚೊಕ್ಕ ಮಾಡಿಸಿ ಅಚ್ಚರಿಪಡಿಸೋಣವೆಂದು ಆಳು ಕರೆಸಿ, ಪೊದೆಯನ್ನು ನಾಲ್ಕೂ ಕಡೆಯಿಂದ ಪೆಟ್ಟಿಗೆಯಂತೆ ಕತ್ತರಿಸಿಟ್ಟ. ಡಾಕ್ಟರು ಬಂದು ನೋಡಿದಾಗ ಕಾಯಿಗಳೆಲ್ಲ ಕಸದ ರಾಶಿಯಲ್ಲಿ ಬಾಡಿದ್ದವು. ಅವರು ತಮ್ಮನಿಗೆ ಆ ದಿನ ಏನು ಹೇಳಿದರೋ ಯಾರಿಗೂ ತಿಳಿಯದು. ಒಂದು ತಿಂಗಳು ಅವನು ಉಪದೇಶ ನಿಲ್ಲಿಸಿದ್ದನಂತೆ.

ಅಳುಮುಖ ಮಾಡಿಕೊಂಡು ಸುದ್ದಿ ತಂದ ಡಾಕ್ಟರನ್ನು ಮಾವನೇ ಸಮಾಧಾನ ಮಾಡಬೇಕಾಯಿತು. ಕತ್ತರಿ ಹೋಗದ ಜಾಗ ಏನಾದರೂ ಉಂಟೋ ಎಂದು ಕೇಳಿದರು. ಗೋಡೆಗೆ ಒತ್ತಿಕೊಂಡಿದ್ದ ಬದಿ ಉಳಿದಿತ್ತು. ಅಲ್ಲಿನ ಕಾಯಿಗಳು ಬಿಸಿಲಿಗೆ ಒಣಗಿ, ಟಪ್ಪೆಂದು ಬಿರಿದು, ಒಂದು ಹಿಡಿಗಿಂತ ಕಡಿಮೆ ಬೀಜ ಕೊಟ್ಟವು. ಡಾಕ್ಟರು ಅದನ್ನು ತಾವೇ ಕಾರು ಓಡಿಸಿಕೊಂಡು, ರೈಲ್ವೆ ಗೇಟು ದಾಟಿ, ಮೈದಾನಕ್ಕೆ ತಂದುಕೊಟ್ಟರು. ಮಾವ ಅದರಲ್ಲಿ ಅರ್ಧ ಅವರಿಗೇ ಹಿಂತಿರುಗಿಸಿದರು.

ಅಷ್ಟು ಹೊತ್ತಿಗೆ ಅವರಿಗೆ ಹೊಸ ಕೆಲಸ ಅಂಟಿಕೊಂಡಿತ್ತು. ಹೆದರುವವರು ಯಾರು ಬಂದರೂ ಕ್ಲಚ್ಚಕ್ಕ ಹಿಂದಿನ ಬಾಗಿಲು ತೆರೆಯುತ್ತಿದ್ದಳು, ಮಾವ ಹತ್ತಿ ಕೂರುತ್ತಿದ್ದರು. ‘ಹಿಂದಿನ ಸೀಟಿನ ಮೇಷ್ಟ್ರು’ ಇದ್ದರೆ ಮಾತ್ರ ರಸ್ತೆಗೆ ಇಳಿಯುತ್ತೇವೆ ಎನ್ನುವವರ ಸಂಖ್ಯೆ ಹೆಚ್ಚಿತು. ಅವರು ಹಳೆಯ ಹಾಗೆ ಬೈಯುತ್ತಲೇ ಇರಲಿಲ್ಲವೆಂದಲ್ಲ. ಆದರೆ ಬೈಗುಳಕ್ಕೆ ಮೊದಲು ಈಗ ಸ್ವಲ್ಪ ಕೇಳಿಸಿಕೊಳ್ಳುತ್ತಿದ್ದರು.

ಹೊಸ ಬೀಜಗಳನ್ನು ಬಳುಕು ದಾರಿಯ ಉಳಿದ ಡ್ರಮ್ಮುಗಳ ಜಾಗದಲ್ಲಿ ಊರಿದರು. ಊರಲು ಹೋಗುವಾಗ ಮಾವ ಜಲ್ಲಿಯ ರಾಶಿಗೆ ಎಡವಿ ಕೆಲವು ಬೀಜ ಚೆಲ್ಲಿದ್ದರು. ಹುಡುಕಿದರೂ ಎಲ್ಲ ಸಿಕ್ಕಿರಲಿಲ್ಲ. ಮಳೆಯೊಂದು ಬಂದು ಹೋದ ಮೇಲೆ ಹಿಮ್ಮುಖವಾಗಿ ಕಾರು ನಿಲ್ಲಿಸಲು ಗೀಚಿದ್ದ ಚೌಕದ ನಟ್ಟ ನಡುವೆ ಎರಡು ಬೂದು ಹಸಿರು ಎಲೆಗಳು ಕೈ ಮುಗಿದು ನಿಂತಿದ್ದವು. ಮೊದಲು ಕಂಡವಳು ಕ್ಲಚ್ಚಕ್ಕ. ಅಲ್ಲಿಂದ ಅದನ್ನು ಕಿತ್ತರೆ ಉಳಿಯದು. ಬಿಟ್ಟರೆ ಆ ಚೌಕದಲ್ಲಿ ಇನ್ನು ಯಾರೂ ಕಾರು ನಿಲ್ಲಿಸುವಂತಿಲ್ಲ. ಗಂಡೋ ಹೆಣ್ಣೋ ತಿಳಿಯಲು ವರ್ಷಗಳೇ ಬೇಕು.

ಅವಳು ಮಾವನನ್ನು ಕೂಗಲಿಲ್ಲ. ಶೆಡ್ಡಿನಿಂದ ಸುಣ್ಣದ ಬಕೆಟ್ಟು ತಂದಳು. ಹಳೆಯ ಗೆರೆಯನ್ನು ಕಾಲಿನಿಂದ ಅಳಿಸಿ, ಸಸಿಯಿಂದ ಒಂದು ಕಾರಿನ ಅಗಲ ಬಿಟ್ಟು, ಹೊಸ ಚೌಕ ಎಳೆಯತೊಡಗಿದಳು. ಗೆರೆ ಸ್ವಲ್ಪ ಸೊಟ್ಟಗೆ ಬಂತು. ಪಾಠಕ್ಕೆ ಬಂದಿದ್ದ ಅಂಚೆ ಕಚೇರಿಯ ಹೆಂಗಸು, ಇದೇನು, ಇದ್ದಕ್ಕಿದ್ದಂತೆ ಜಾಗ ಬದಲಾಯಿಸಿದಿರಿ ಎಂದು ಕೇಳಿದಳು.

“ಅಲ್ಲಿ ಈಗಾಗಲೇ ಒಬ್ಬರು ನಿಲ್ಲಿಸಿದ್ದಾರೆ,” ಎಂದಳು ಕ್ಲಚ್ಚಕ್ಕ. “ನೀವು ಇಲ್ಲಿ ನಿಲ್ಲಿಸಿ.”